ಜೀಪಿನ ತಗಡಿನ ಕೈ

ಮಿಲಿಟರಿಯವರು ಹರಾಜಿನಲ್ಲಿ ಬಿಟ್ಟ ಜೀಪನ್ನು ಭಾವ ಓಡುವ ಸ್ಥಿತಿಗೆ ತಂದಾಗಿತ್ತು. ಉಳಿದದ್ದು ಜೋಡಣೆಯ ಕೆಲಸ, ಅದು ನನ್ನ ಪಾಲಿಗೆ ಬಂತು. ಸುಳ್ಯದ ಮನೆಯ ಮುಂದಿನ ಚಪ್ಪರದಡಿ ಅದಕ್ಕೆ ಹನ್ನೊಂದು ದಿನ ಹಿಡಿಯಿತೆಂದು ನನ್ನ ಡೈರಿಯಲ್ಲಿದೆ. ಕನ್ನಡಿ ಎರಡು, ಹಾರ್ನ್ ಒಂದು, ಹಿಂದಿನ ದೀಪ, ಹುಡ್‌ನ ಕಮಾನು ಮೂರು, ಮಳೆಗೆ ಇಳಿಬಿಡುವ ಟಾರ್ಪಾಲಿನ ಪರದೆ ನಾಲ್ಕು. ಬಿಚ್ಚಿದ ಬೋಲ್ಟು ನಲವತ್ತಾರು, ತಿರುಗಿ ಹಾಕಿದ್ದು ನಲವತ್ತೆರಡು. ಆರನೆಯ ದಿನದ ಪುಟದಲ್ಲಿ ‘ಬೆರಳು ಮಡಚಲಾಗುತ್ತಿಲ್ಲ’ ಎಂದಷ್ಟೇ ಬರೆದಿದ್ದೇನೆ.

ಭಾವ ಕಲ್ಲುಗುಂಡಿಯ ಮರ ಸಾಗಿಸುವ ಲಾರಿ ಓಡಿಸುತ್ತಿದ್ದರು. ಘಾಟಿ ಹತ್ತಿಳಿದು ಅವರ ಸೊಂಟ ಹೋಗಿತ್ತು. ಗಾಡಿ ಪರೀಕ್ಷಿಸಿ ಪಾಸು ಮಾಡುವ ಬ್ರೇಕ್ ಇನ್‌ಸ್ಪೆಕ್ಟರರು ಪುತ್ತೂರಿಗೆ ಬರುವುದು ತಿಂಗಳಿಗೊಮ್ಮೆ. ಆ ಸಲ ಅವರು ಬರುವ ಗುರುವಾರ ಜೀಪು ಪಾಸಾದರೆ ಬಾಡಿಗೆಗೆ ಓಡಿಸಬಹುದು. ಇಲ್ಲದಿದ್ದರೆ ಶುಕ್ರವಾರ ಬೆಳಿಗ್ಗೆ ಮತ್ತೆ ಲಾರಿ. ಇನ್ನೊಂದು ಮಳೆಗಾಲ ಇವರನ್ನು ಆ ಘಾಟಿಗೆ ಕಳುಹಿಸಲಾರೆ ಎಂದು ಅಕ್ಕ ನನ್ನೊಡನೆ ಹೇಳಿದ್ದಳು.

ಜೀಪಿನ ಸ್ಟೇರಿಂಗ್ ಎಡಬದಿಗೆ. ಬಲಕ್ಕೆ ತಿರುಗುವಾಗ ಡ್ರೈವರನ ಕೈ ಹಿಂದಿನವರಿಗೆ ಕಾಣುವುದಿಲ್ಲವಾದ್ದರಿಂದ ಬಲಬದಿಗೆ ಒಂದು ಸುಳ್ಳು ಕೈ ಇರಲೇಬೇಕು. ತಗಡಿನಲ್ಲಿ ಐದು ಬೆರಳಿನ ಹಸ್ತ ಕತ್ತರಿಸಿ, ಕೆಂಪು ಬಣ್ಣ ಹಚ್ಚಿ, ಮುಂದಿನ ಗಾಜಿನ ಚೌಕಟ್ಟಿಗೆ ಸಿಕ್ಕಿಸಿ, ಸೈಕಲ್ ಬ್ರೇಕಿನ ತಂತಿಯನ್ನು ಭಾವನ ಸೀಟಿಗೆ ಎಳೆದೆ. ಎಳೆದರೆ ಕೈ ಏಳುತ್ತದೆ, ಬಿಟ್ಟರೆ ಬೀಳುತ್ತದೆ. ನೂರು ಸಲ ಎಳೆದು ನೋಡಿದೆ. ನೂರು ಸಲವೂ ಎದ್ದಿತು. ಬಲಸೀಟಿನ ಪಕ್ಕದ ಕಬ್ಬಿಣದ ಹಿಡಿಕೆ ಪರದೆಗೆ ಉಜ್ಜುತ್ತಿತ್ತೆಂದು ಅದನ್ನು ಬಿಚ್ಚಿ ಹಾಕಿದ್ದೆ. ಇನ್‌ಸ್ಪೆಕ್ಟರರ ಪಟ್ಟಿಯಲ್ಲಿ ಹಿಡಿಕೆ ಇರಲಿಲ್ಲ.

ಗುರುವಾರ ಖಾಲಿ ಜೀಪಿನಲ್ಲಿ ಹೊರಟೆವು. ಆದರೆ ನಮ್ಮ ಕಡೆ ಗುರುತಿನವರು ರಸ್ತೆ ಬದಿ ನಿಂತಿರುವಾಗ ಖಾಲಿ ಗಾಡಿ ಮುಂದೆ ಹೋಗುವ ಕ್ರಮವಿಲ್ಲ. ಜಾಲ್ಸೂರಿನಲ್ಲಿ ಮೂವರು, ಕಾವಿನಲ್ಲಿ ನಾಲ್ವರು ಹತ್ತಿದರು. ಬಲಸೀಟಿಗೆ ಬಂದ ದಪ್ಪ ಅಡಿಕೆ ವ್ಯಾಪಾರಿ ಪ್ರತಿ ತಿರುವಿನಲ್ಲೂ ಹಿಡಿಯಲು ಏನಾದರೂ ಹುಡುಕುತ್ತಿದ್ದರು. ಸಿಕ್ಕಿದ್ದು ತಗಡಿನ ಕೈಯ ಬುಡ. ಹಿಂದೆ ಕುಳಿತಿದ್ದ ನನಗೆ ಅದು ಕಾಣಲಿಲ್ಲ.

ಪುತ್ತೂರಿನಲ್ಲಿ ಇನ್‌ಸ್ಪೆಕ್ಟರರ ಮುಂದೆ ಭಾವ ತಂತಿ ಎಳೆದಾಗ ಕೈ ಅರ್ಧಕ್ಕೆ ಎದ್ದು, ಅಂಗೈ ಮೇಲಾಗಿ ನಿಂತಿತು.

“ಇದು ಬಲಕ್ಕೆ ತಿರುಗುದಾ, ಭಿಕ್ಷೆ ಬೇಡುದಾ ಮಾರಾಯ್ರೆ?” ಎಂದರು ಅವರು. ಸುತ್ತ ಇದ್ದ ಡ್ರೈವರರು ನಕ್ಕರು. ನಾಲ್ಕು ಗಂಟೆಯೊಳಗೆ ಸರಿಮಾಡಿ ತಂದರೆ ನೋಡುವೆ, ಇಲ್ಲದಿದ್ದರೆ ಮುಂದಿನ ತಿಂಗಳು ಎಂದು ಹೇಳಿ ಊಟಕ್ಕೆ ಹೋದರು.

ವ್ಯಾಪಾರಿ ಹಿಡಿದು ಬಗ್ಗಿಸಿದ್ದ ಬುಡ ಕಮ್ಮಾರಸಾಲೆಯಲ್ಲಿ ನೆಟ್ಟಗಾಯಿತು. ಹಿಡಿಕೆ ಮಾತ್ರ ಮನೆಯಲ್ಲೇ ಉಳಿದಿತ್ತು. ಅದನ್ನು ಬಿಚ್ಚಿದ್ದು ನನ್ನ ತಪ್ಪೆಂದು ಹೇಳಿದೆ. ಭಾವ ಸೊಂಟಕ್ಕೆ ಕೈಯೂರಿ ಜೀಪು ಹತ್ತಿದರು.

ನಾಲ್ಕಕ್ಕೆ ಇನ್‌ಸ್ಪೆಕ್ಟರರು ತಾವೇ ಸ್ಟೇರಿಂಗ್ ಹಿಡಿದರು. ಬಲಸೀಟಿನಲ್ಲಿ ಭಾವ ಕುಳಿತರು, ಹಿಂದೆ ನಾನು. ಇಳಿಜಾರು, ತಿರುವು, ಮತ್ತೆ ತಿರುವು. ಭಾವ ಎರಡು ಕೈಗಳನ್ನೂ ತೊಡೆಗಳ ನಡುವೆ ಒತ್ತಿಟ್ಟುಕೊಂಡು, ಕಾಲನ್ನು ಮುಂದಿನ ತಗಡಿಗೆ ಊರಿ, ಬರೀ ಸೊಂಟದ ಬಲದಲ್ಲಿ ಕುಳಿತಿದ್ದರು. ಒಂದೊಂದು ಹೊಂಡಕ್ಕೂ ಅವರ ಕುತ್ತಿಗೆಯ ನರ ಬಿಗಿಯುವುದನ್ನು ಹಿಂದಿನಿಂದ ನೋಡಿದೆ. ಕೆಂಪು ಕೈ ಐದು ಸಲ ಎದ್ದು ಐದು ಸಲ ಬಿತ್ತು.

“ನೀವು ಎಂತ, ಎಲ್ಲಿಯೂ ಹಿಡಿಯುದಿಲ್ಲ?” ಎಂದು ಇನ್‌ಸ್ಪೆಕ್ಟರರು ಕೇಳಿದರು.

“ಅಭ್ಯಾಸ ಉಂಟು,” ಎಂದರು ಭಾವ.

ಕಾಗದಕ್ಕೆ ಸಹಿ ಬಿತ್ತು. ಇಳಿಯಲು ಭಾವನಿಗೆ ನನ್ನ ಭುಜ ಬೇಕಾಯಿತು. ಜೀಪಿನ ಹಿಂಬದಿಯಲ್ಲಿ ಅವರನ್ನು ಮಲಗಿಸಿ ಸುಳ್ಯದವರೆಗೆ ನಾನೇ ಓಡಿಸಿದೆ. ದಾರಿಯಲ್ಲಿ ಕೈ ತೋರಿಸಿದವರಿಗೆಲ್ಲ, ಒಳಗೆ ಮಲಗಿದವರಿದ್ದಾರೆ ಎಂದು ಹೇಳುತ್ತಾ ಬಂದೆ.

ಅಕ್ಕ ಅಂಗಳಕ್ಕಿಳಿದು ಬಂದಳು. ಭಾವ ಎದ್ದು ಕುಳಿತು ಕಾಗದವನ್ನು ಅವಳ ಕೈಗೆ ಕೊಟ್ಟು, ನನ್ನ ಕಡೆ ತಿರುಗಿದರು.

“ಕಲ್ಲುಗುಂಡಿಗೆ ಹೋಗಿ ಹೇಳು ಮಾರಾಯ, ನಾಳೆ ಲಾರಿಗೆ ಬೇರೆ ಜನ ನೋಡಲಿ.”