ತಂಗಿಯ ಹಂಪನಕಟ್ಟೆ

ಕುಲಶೇಖರದ ಅಕ್ಕುವನ್ನು "ನಿಮ್ಮ ಮನೆ ಎಲ್ಲಿ ಆಯಿತು?" ಎಂದು ಯಾರೂ ಕೇಳಬಾರದಿತ್ತು. ಕೇಳಿದವರಿಗೆ ಅವಳು ನೆಟ್ಟಗೆ ಉತ್ತರ ಕೊಟ್ಟದ್ದೇ ಇಲ್ಲ. "ಪೇಟೆಯ ಹತ್ತಿರವೇ" ಎನ್ನುತ್ತಿದ್ದಳು. ಇನ್ನೂ ಕೆದಕಿದರೆ "ಹಂಪನಕಟ್ಟೆಯಲ್ಲಿ ನಮ್ಮ ತಂಗಿ ಇರುವುದು" ಎಂದು ಮಾತು ಮುಗಿಸುತ್ತಿದ್ದಳು. ಕುಲಶೇಖರ ಎಂಬ ಹಳ್ಳಿಯ ಹೆಸರು ಅವಳ ಬಾಯಿಯಿಂದ ಹೊರಬೀಳಬೇಕಾದರೆ ಕೋರ್ಟಿನ ಅಮೀನನೇ ಬಂದು ಅಂಗಳದಲ್ಲಿ ನಿಲ್ಲಬೇಕಿತ್ತು. ಹುಟ್ಟಿದ್ದು ಅಲ್ಲೇ, ನಡೆಯಲು ಕಲಿತದ್ದು ಅಲ್ಲಿನ ಗದ್ದೆಯ ಬದುವಿನಲ್ಲೇ. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಅಕ್ಕುವನ್ನು ನೋಡಿದ ಮೇಲೆಯೇ ಯಾರೋ ಹೇಳಿರಬೇಕು.

ಅವಳಿಗೆ ಕಡಿಮೆಯಾದದ್ದು ಎಂತ ಎಂದು ಕೇಳಿದರೆ, ನಿಜವಾಗಿ ಏನೂ ಇಲ್ಲ. ತಾಯಿಯ ನಂತರ ಮನೆ, ಮೂರು ಮುಡಿ ಬೀಜ ಬಿತ್ತುವಷ್ಟು ಗೇಣಿ ಗದ್ದೆ, ದೈವದ ಕೋಣೆಯಲ್ಲಿ ದೀಪ ಇಡುವ ಹಕ್ಕು, ಎಲ್ಲವೂ ಹಿರಿಮಗಳ ಕೈಗೆ ಬರುವುದು ತುಳುವರ ಕಟ್ಟು. ಹಾಗೆಯೇ ಬಂತು. ಗಂಡ ಬೂಬ ಅವಳ ಮನೆಗೇ ಬಂದು ಸೇರಿದ. ಎರಡು ಮಾತಿನಲ್ಲಿ ಮುಗಿಯುವುದನ್ನು ಒಂದೇ ಮಾತಿನಲ್ಲಿ ಮುಗಿಸುವ ಸಾಧು ಮನುಷ್ಯ. ಬಾವಿಯಲ್ಲಿ ಬೇಸಗೆಯಲ್ಲಿಯೂ ನೀರು. ಆದರೆ ತಂಗಿ ಕುಶಲಾಳಿಗೆ ಸಂಬಂಧ ಕೂಡಿಬಂದದ್ದು ಮಂಗಳೂರು ಪೇಟೆಯ ನಡುವಿನ ಹಂಪನಕಟ್ಟೆಯ ಸೋಡಾ ಅಂಗಡಿಯ ಚನಿಯನೊಡನೆ. ಅಂದಿನಿಂದ ಅಕ್ಕುವಿಗೆ ತನ್ನ ಬಾವಿಯ ನೀರು ರುಚಿಸಲಿಲ್ಲ.

ಸಾವಿರದ ಒಂಬೈನೂರ ಮೂವತ್ತಾರನೇ ಇಸವಿಯ ಹೊತ್ತಿಗೆ ಈ ಉರಿಗೆ ಇಪ್ಪತ್ತು ವರ್ಷ ತುಂಬಿತ್ತು. ಅಕ್ಕು ವಾರಕ್ಕೆ ಮೂರು ದಿನ ಬಸಳೆ, ಹರಿವೆ, ಅಲಸಂಡೆ ಬುಟ್ಟಿಗೆ ತುಂಬಿ, ತಲೆಯ ಮೇಲೆ ಸಿಂಬಿ ಇಟ್ಟು, ನಂತೂರಿನ ಏರು ಹತ್ತಿ ಇಳಿದು ಹಂಪನಕಟ್ಟೆಗೆ ಬರುತ್ತಿದ್ದಳು. ಮಾರಾಟ ಮುಗಿದ ಮೇಲೆ ತಂಗಿಯ ಮನೆಯ ಜಗಲಿಯಲ್ಲಿ ಕುಳಿತು ಒಂದು ಲೋಟ ಗಂಜಿನೀರು ಕುಡಿಯುವುದು ರೂಢಿ. ಅದು ಅಂಗಡಿಯ ಹಿಂದಿನ ಎರಡು ಕೋಣೆಯ ಬಾಡಿಗೆ ಮನೆ, ಅಹ್ಮದ್ ಬಾವ ಎಂಬ ಸಾಹುಕಾರರದ್ದು. ಗೋಡೆಗೆ ಗೋಡೆ ತಾಗಿಕೊಂಡು ಇನ್ನೂ ನಾಲ್ಕು ಮನೆಗಳು. ನೀರಿಗೆ ಸಾಲಿನಲ್ಲಿ ನಿಲ್ಲಬೇಕು. ಅದೊಂದೂ ಅಕ್ಕುವಿನ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಬಾಗಿಲ ಎದುರಿನ ಮುನಿಸಿಪಾಲಿಟಿಯ ದೀಪದ ಕಂಬ, ಜಟಕಾಗಳ ಸಾಲು, ಮತ್ತು ತಂಗಿಯ ಹಿಮ್ಮಡಿ. ಕೆಸರು ಕಾಣದ, ಬಿರುಕಿಲ್ಲದ, ನುಣ್ಣನೆಯ ಹಿಮ್ಮಡಿ. ಅದನ್ನು ನೋಡಿದಾಗಲೆಲ್ಲ ಅಕ್ಕು ತನ್ನ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದಳು.

"ಬಸ್ಸಿನ ಗಲಾಟೆಗೆ ನಿದ್ದೆಯೇ ಬರುವುದಿಲ್ಲ ಅಕ್ಕ," ಎಂದು ಕುಶಲಾ ಒಮ್ಮೆ ಹೇಳಿದಳು. ಅವಳು ಹೇಳಿದ್ದು ಕಷ್ಟವನ್ನು. ಅಕ್ಕುವಿಗೆ ಕೇಳಿದ್ದು ಜಂಬ. ನಮ್ಮಲ್ಲಿ ಬಸ್ಸು ಉಂಟು, ನಿಮ್ಮಲ್ಲಿ ಇರುವುದು ಕಪ್ಪೆ ಎಂದು ಚುಚ್ಚಿದಳೆಂದೇ ತಿಳಿದು, ಆ ವಾರವೆಲ್ಲ ಬೂಬನ ಮೇಲೆ ಹರಿಹಾಯ್ದಳು. ಹೊಟ್ಟೆಕಿಚ್ಚಿನ ಕಿವಿಗೆ ಒಳ್ಳೆಯ ಮಾತೂ ಕೆಟ್ಟದ್ದಾಗಿಯೇ ಕೇಳುತ್ತದೆ. ತನ್ನದು ಹೊಟ್ಟೆಕಿಚ್ಚೆಂದು ಅಕ್ಕುವಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಅದನ್ನು ತಂಗಿಯ ಎದುರು ಒಂದು ದಿನವೂ ತೋರಿಸದೆ ನಗುನಗುತ್ತ ಮಾತಾಡುವೆನಲ್ಲ ಎಂಬುದೊಂದೇ ಅವಳ ಹೆಮ್ಮೆಯಾಗಿತ್ತು.

ಆ ವರ್ಷ ಮಗಳು ಜಯಳಿಗೆ ಒಂದು ಸಂಬಂಧ ಬಂತು. ಹುಡುಗನ ಹೆಸರು ಲೋಕಯ್ಯ. ಹಂಪನಕಟ್ಟೆಯದೇ ಜವಳಿ ಅಂಗಡಿಯಲ್ಲಿ ಕೆಲಸ, ಅಲ್ಲೇ ವಾಸ. ಸುದ್ದಿ ಕೇಳಿದ ಅಕ್ಕುವಿಗೆ ಮೂರು ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗಳಾದರೂ ಹಂಪನಕಟ್ಟೆಯವಳಾದರೆ ತಾನು ತಂಗಿಯ ಜಗಲಿಯಲ್ಲಿ ಕುಳಿತು ಗಂಜಿನೀರು ಕುಡಿಯುವುದು ತಪ್ಪುತ್ತದೆ. ಮಗಳ ಜಗಲಿಯಲ್ಲಿ ಕುಳಿತು, ತಂಗಿಯನ್ನೇ ಅಲ್ಲಿಗೆ ಕರೆಸಬಹುದು. ಜಯ ಹುಡುಗನನ್ನು ಅಂಗಡಿಯಲ್ಲಿ ಒಂದೆರಡು ಸಲ ನೋಡಿದ್ದಳು, ಅವಳಿಗೂ ಮನಸ್ಸಿತ್ತು. ಬಳಿಯೂ, ಅಂದರೆ ತಾಯಿಯ ಕಡೆಯ ಗೋತ್ರವೂ, ಬೇರೆ ಬೇರೆ, ಅಡ್ಡಿಯಿಲ್ಲ. ಹುಡುಗನ ಸೋದರಮಾವ ಮಾಯಿಲಪ್ಪ ಬಂದು ಹೆಣ್ಣು ನೋಡಿ ಒಪ್ಪಿದರೆ ಆಯಿತು.

ಅಕ್ಕು ಯೋಚಿಸಿದಳು. ಪೇಟೆಯ ಜನ ಕೆಸರಿನ ದಾರಿಯಲ್ಲಿ ಬಂದು, ಅಂಗಳದ ಗೊಬ್ಬರದ ಗುಂಡಿ ನೋಡಿ, ಮೂಗು ಮುಚ್ಚಿಕೊಂಡು ಹೋದರೆ? ಹೆಣ್ಣು ತೋರಿಸುವುದು ತಂಗಿಯ ಮನೆಯಲ್ಲಿ ಎಂದು ತೀರ್ಮಾನಿಸಿದಳು. ನಮ್ಮದು ಹಂಪನಕಟ್ಟೆಯೇ ಎಂದು ಸಂಬಂಧ ತಂದವನ ಕೈಯಲ್ಲಿ ಹೇಳಿ ಕಳುಹಿಸಿದ್ದೂ ಆಯಿತು.

"ಸ್ವಂತ ಮನೆ ಇದ್ದು ಬಾಡಿಗೆ ಮನೆಯಲ್ಲಿ ಎಂತಕ್ಕೆ?" ಎಂದ ಬೂಬ.

"ನೀವು ಅಲ್ಲಿ ಬಾಯಿ ಬಿಡದಿದ್ದರೆ ಸಾಕು," ಎಂದಳು ಅಕ್ಕು. ಆ ಕೆಲಸ ಬೂಬನಿಗೆ ಕಷ್ಟವಾಗಿರಲಿಲ್ಲ.

ಕುಶಲಾ ಮಾತ್ರ ಏನೂ ಕೇಳಲಿಲ್ಲ. ಚಾಪೆ ಕೊಡವಿ ಹಾಸಿದಳು, ತನ್ನ ಮಗಳು ಹೇಮಾಕ್ಷಿಯನ್ನು ಪಕ್ಕದ ಮನೆಗೆ ಕಳುಹಿಸಿದಳು. ಅಕ್ಕು ಅಕ್ಕಪಕ್ಕದವರಿಗೆ ಕೇಳುವಂತೆ "ನಮ್ಮ ಮನೆಯಲ್ಲಿ ಇವತ್ತು ನೆಂಟರು" ಎಂದು ಎರಡು ಸಲ ಹೇಳಿದಳು. ಅರ್ಧ ದಿನದ ಮಟ್ಟಿಗಾದರೂ ಆ ದೀಪದ ಕಂಬ ಅವಳದಾಗಿತ್ತು.

ಮಾಯಿಲಪ್ಪ ಬಂದ. ದಪ್ಪ ಮೂಳೆಯ, ಬಿಳಿ ಮೀಸೆಯ ಮುದುಕ. ಹಿಂದೆ ಲೋಕಯ್ಯ, ತಲೆ ತಗ್ಗಿಸಿಕೊಂಡು. ಬಂದವರಿಗೆ ಬೆಲ್ಲ ನೀರು ಕೊಡುವುದು ಎಲ್ಲ ಮನೆಗಳ ಪದ್ಧತಿ. ಅಕ್ಕು ಚನಿಯನಿಗೆ ಹೇಳಿ ಗೋಲಿಸೋಡಾ ತರಿಸಿದ್ದಳು. ಮುದುಕ ಕುಪ್ಪಿಯನ್ನು ಮುಟ್ಟಲಿಲ್ಲ.

"ನನಗೆ ಒಂದು ತುಂಡು ಬೆಲ್ಲ ಸಾಕು ತಂಗಿ. ಇದು ಕುಡಿದರೆ ಹೊಟ್ಟೆಯಲ್ಲಿ ಗುಡುಗ್ತದೆ," ಎಂದ.

ಬೆಲ್ಲ ಬಾಯಿಗೆ ಹಾಕಿ ತಲೆ ಎತ್ತಿದವನಿಗೆ ಬಾಗಿಲ ಮೇಲೆ ಕಟ್ಟಿದ್ದ ಬತ್ತದ ತೆನೆ ಕಾಣಿಸಿತು. ತೆನೆ ಹಬ್ಬದ ದಿನ ಹೊಸ ತೆನೆಯನ್ನು ಮನೆತುಂಬಿಸಿ, ಮಾವು ಹಲಸಿನ ಎಲೆಯೊಡನೆ ಬಾಗಿಲಿಗೆ ಕಟ್ಟುತ್ತಾರಲ್ಲ, ತುಳುವಿನಲ್ಲಿ ಕುರಲ್ ಎನ್ನುವುದು ಅದಕ್ಕೇ. ಗದ್ದೆಯಿಲ್ಲದವರು ಗದ್ದೆಯಿದ್ದ ನೆಂಟರಲ್ಲಿ ಕೇಳಿ ತರಬೇಕು. ದುಡ್ಡು ಕೊಟ್ಟು ತಂದರೆ ಅದು ಕುರಲ್ ಅಲ್ಲ, ಬರಿಯ ಹುಲ್ಲು. ಕುಶಲಾಳ ಮನೆಗೆ ವರ್ಷವೂ ಅದು ಕುಲಶೇಖರದಿಂದಲೇ ಬರುತ್ತಿತ್ತು.

"ಪೇಟೆಯಲ್ಲಿಯೂ ಕುರಲ್ ಕಟ್ತೀರಾ? ಒಳ್ಳೇದು," ಎಂದ ಮಾಯಿಲಪ್ಪ. "ಯಾರ ಗದ್ದೆಯದ್ದು?"

ಅಕ್ಕು ತಬ್ಬಿಬ್ಬಾದಳು. ನಮ್ಮ ಗದ್ದೆಯದ್ದು ಎಂದರೆ ಗದ್ದೆ ಎಲ್ಲಿ ಎಂದು ಕೇಳುತ್ತಾನೆ, ಕುಲಶೇಖರ ಹೊರಗೆ ಬೀಳುತ್ತದೆ. ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಮಾರ್ಕೆಟಿನಿಂದ ತಂದದ್ದು ಅಣ್ಣ. ಇಲ್ಲಿ ಎಲ್ಲವೂ ಸಿಗ್ತದೆ."

ಮಾಯಿಲಪ್ಪ ಬಾಯಿಗೆ ಎತ್ತಿದ್ದ ವೀಳ್ಯದೆಲೆಯನ್ನು ಹರಿವಾಣಕ್ಕೆ ಹಿಂದೆ ಇಟ್ಟ. ಅವನಿಗೆ ಸಿಟ್ಟು ಬಂದಿರಲಿಲ್ಲ, ಬೇಸರವಾಗಿತ್ತು.

"ಕುರಲನ್ನು ಕ್ರಯಕ್ಕೆ ತರುವ ಮನೆಯೊಡನೆ ನಮಗೆ ಆಗುವುದಿಲ್ಲ ತಂಗಿ. ತಪ್ಪು ತಿಳಿಯಬೇಡ," ಎಂದು ಶಾಲು ಹೆಗಲಿಗೆ ಹಾಕಿ ಎದ್ದೇ ಎದ್ದ.

ಒಳಬಾಗಿಲಲ್ಲಿ ನಿಂತಿದ್ದ ಜಯಳನ್ನು ಅಮ್ಮ ಬಾಯಿಗೆ ಬೀಗ ಹಾಕಿಯೇ ಕರೆತಂದಿದ್ದಳು. ಆದರೂ ಹುಡುಗಿ ಮಾತಾಡಿದಳು. "ಅದು ಮಾರ್ಕೆಟಿನದ್ದಲ್ಲ. ನಮ್ಮ ಮನೆಯೆದುರಿನ ಗದ್ದೆಯದ್ದು. ಅತಿಕಾರೆ ಜಾತಿಯ ಬತ್ತ. ಮಿಂದು, ಒದ್ದೆ ಬಟ್ಟೆಯಲ್ಲಿ ನಾನೇ ಕೊಯ್ದು ತಂದದ್ದು."

ಮಾಯಿಲಪ್ಪ ಕತ್ತೆತ್ತಿ ತೆನೆಯನ್ನು ಇನ್ನೊಮ್ಮೆ ನೋಡಿದ. ಅತಿಕಾರೆಯೇ. ಮೆಲ್ಲನೆ ಮತ್ತೆ ಚಾಪೆಯ ಮೇಲೆ ಕುಳಿತ.

"ಗದ್ದೆ ಎಲ್ಲಿ ಉಂಟು ಮಗಾ?"

ಉತ್ತರ ಬಂದದ್ದು ಬೂಬನಿಂದ. "ಕುಲಶೇಖರ. ಮೂರು ಮುಡಿ. ಮನೆಯೂ ಅಲ್ಲೇ." ಹೊರಗಿನವರ ಎದುರು ಅಷ್ಟು ಉದ್ದದ ಮಾತನ್ನು ಅವನು ಆ ವರ್ಷ ಆಡಿರಲಿಲ್ಲ. ಅಕ್ಕುವಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಅವಳು ನೋಡಿದ್ದು ಗಂಡನನ್ನಲ್ಲ, ತಂಗಿಯನ್ನು. ಕುಶಲಾ ನಗುತ್ತಿದ್ದರೆ ಎಂಬ ಹೆದರಿಕೆ. ಕುಶಲಾ ನಗುತ್ತಿರಲಿಲ್ಲ.

ನಕ್ಕವನು ಮಾಯಿಲಪ್ಪ. "ಇದನ್ನು ಮೊದಲೇ ಹೇಳುವುದಲ್ವಾ ಮಾರಾಯ್ತಿ? ಪೇಟೆಯ ಹುಡುಗಿ ನಮಗೆ ಎಂತ ಮಾಡ್ಲಿಕ್ಕೆ ಅಂತ ನಾನು ಅರ್ಧ ಮನಸ್ಸಿನಲ್ಲೇ ಬಂದದ್ದು. ಕೊಟ್ಟಾರದಲ್ಲಿ ಜಾಗದ ಧಣಿ ರತ್ನಾವತಿ ಅಮ್ಮ ನಾಲ್ಕು ಮುಡಿ ಗದ್ದೆ ಗೇಣಿಗೆ ಬರೆದುಕೊಟ್ಟಿದ್ದಾರೆ. ಇವನು ಬರುವ ತಿಂಗಳು ಅಂಗಡಿ ಬಿಡ್ತಾನೆ. ಗದ್ದೆ ಗೊತ್ತಿರುವ ಹೆಣ್ಣೇ ಬೇಕು ನಮಗೆ."

ಕೊಟ್ಟಾರ. ಕೊಟ್ಟಾರವೆಂದರೆ ಆಗ ಗದ್ದೆ, ಮತ್ತೆ ಗದ್ದೆ, ಅದರಾಚೆ ಇನ್ನೊಂದು ಗದ್ದೆ. ಕುಲಶೇಖರಕ್ಕಾದರೂ ಇಗರ್ಜಿಯ ಗಂಟೆಯ ಸದ್ದು ಇತ್ತು. ಇಪ್ಪತ್ತು ವರ್ಷ ಉರಿದು ಉರಿದು ಕೊನೆಗೆ ಹುಡುಕಿದ ಅಳಿಯನೂ ಕೆಸರಿಗೇ ಇಳಿಯುವವನೇ? ತಂಗಿ ಇಲ್ಲೇ ದೀಪದ ಕಂಬದ ಕೆಳಗೆ ಇರುತ್ತಾಳೆ, ತನ್ನ ಮಗಳು ಕೊಟ್ಟಾರದಲ್ಲಿ ನೇಜಿ ನೆಡುತ್ತಾಳೆ.

"ಯೋಚನೆ ಮಾಡಿ ಹೇಳ್ತೇವೆ ಅಣ್ಣ," ಎಂದಳು ಅಕ್ಕು. ಯೋಚನೆ ಮಾಡಿ ಹೇಳ್ತೇವೆ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಅದು ಮಾಯಿಲಪ್ಪನಿಗೂ ಗೊತ್ತಿತ್ತು. ಲೋಕಯ್ಯನ ಮುಖ ಸಣ್ಣಗಾಯಿತು. ಜಯ ಒಳಗೆ ಸರಿದಳು, ಕುಶಲಾ ಅವಳ ಹಿಂದೆಯೇ ಹೋದಳು.

ಒಂದೆರಡು ನಿಮಿಷ ಕಳೆದು ಕುಶಲಾ ಸೆರಗು ಸರಿಪಡಿಸಿಕೊಳ್ಳುತ್ತ ಹೊರಗೆ ಬಂದಳು.

"ಅಣ್ಣ, ಅಕ್ಕನಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ," ಎಂದಳು. "ನಮ್ಮ ಹೇಮಾಕ್ಷಿ ಇದ್ದಾಳೆ. ಗದ್ದೆ ಕೆಲಸ ಬರುವುದಿಲ್ಲ, ಆದರೆ ಕಲಿತುಕೊಳ್ತಾಳೆ. ಇಂಥ ಹುಡುಗ ನಮಗೆ ಸಿಕ್ಕಿದರೆ ನಾವು ಒಂದು ದಿನವೂ ಯೋಚನೆ ಮಾಡುವವರಲ್ಲ."

ಅಕ್ಕುವಿಗೆ ಅಡಿಯಿಂದ ಮುಡಿಯವರೆಗೆ ಬೆಂಕಿ ಬಿತ್ತು. ಹಂಪನಕಟ್ಟೆ ಇವಳಿಗೆ, ದೀಪ ಇವಳಿಗೆ, ನುಣ್ಣನೆಯ ಹಿಮ್ಮಡಿ ಇವಳಿಗೆ, ಈಗ ತನ್ನ ಮಗಳಿಗೆಂದು ಬಂದ ಅಳಿಯನೂ ಇವಳಿಗೇ ಬೇಕೇ? ಆ ಕ್ಷಣದಲ್ಲಿ ಲೋಕಯ್ಯನಂಥ ಹುಡುಗ ಮಂಗಳೂರಿನಲ್ಲೇ ಬೇರೆ ಇಲ್ಲವೆಂದು ಅವಳಿಗೆ ಕಾಣಿಸಿತು. ಕೊಟ್ಟಾರದ ಗದ್ದೆಗಳೂ ಚಿನ್ನದ ಬಣ್ಣಕ್ಕೆ ತಿರುಗಿದವು.

"ನಾನು ಕೊಡುವುದಿಲ್ಲ ಅಂತ ಯಾವಾಗ ಹೇಳಿದ್ದು?" ಎಂದಳು. ಹರಿವಾಣದ ವೀಳ್ಯದೆಲೆ ಅಡಿಕೆಯನ್ನು ತಾನೇ ಎತ್ತಿ ಬೂಬನ ಕೈಗೆ ತುರುಕಿ, "ಕೊಡಿ ಇವರಿಗೆ. ಹೆಣ್ಣು ಕೊಟ್ಟಾಯಿತು," ಎಂದಳು. ವೀಳ್ಯ ಕೈ ಬದಲಾದ ಮೇಲೆ ಮಾತು ಬದಲಾಗುವಂತಿಲ್ಲ.

ಸಂಜೆ ತಾಯಿ ಮಗಳು ನಂತೂರಿನ ಏರು ಹತ್ತುತ್ತಿದ್ದರು. ಬೂಬ ಹತ್ತು ಮಾರು ಮುಂದೆ ಹೋಗುತ್ತಿದ್ದ. ಅಕ್ಕು ದಾರಿಯುದ್ದಕ್ಕೂ ತಂಗಿಯನ್ನು ಬೈದಳು. ಒಡಹುಟ್ಟಿದವಳ ಅಳಿಯನ ಮೇಲೆ ಕಣ್ಣು ಹಾಕಿದವಳು, ಮಾನ ಇಲ್ಲದವಳು, ನಾನು ಸರಿಯಾದ ಹೊತ್ತಿಗೆ ವೀಳ್ಯ ಕೊಡಿಸದಿದ್ದರೆ ನುಂಗಿಯೇ ಬಿಡುತ್ತಿದ್ದಳು, ಎಂದೆಲ್ಲ.

ಜಯ ಬಹಳ ಹೊತ್ತು ಕೇಳಿಸಿಕೊಂಡಳು. ಕೊನೆಗೆ ತಡೆಯಲಾರದೆ ಹೇಳಿದಳು. "ಚಿಕ್ಕಮ್ಮ ಒಳಗೆ ಬಂದು ನನ್ನನ್ನೇ ಕೇಳಿದ್ದು ಅಮ್ಮ, ನಿನಗೆ ಆ ಹುಡುಗ ಬೇಕಾ ಅಂತ. ನಾನು ಹೌದು ಅಂದೆ. ಹಾಗಾದರೆ ಅಳಬೇಡ, ನಿನ್ನಮ್ಮನ ಬಾಯಿಂದಲೇ ಒಪ್ಪಿಸ್ತೇನೆ ಅಂತ ಹೇಳಿ ಹೊರಗೆ ಹೋದರು."

ಅಕ್ಕು ಏರಿನ ನಡುವೆ ನಿಂತುಬಿಟ್ಟಳು.

ಮರುದಿನ ಮಾರಾಟದ ದಿನವಾಗಿರಲಿಲ್ಲ. ಆದರೂ ಅವಳು ಬರಿಗೈಯಲ್ಲಿ ಹಂಪನಕಟ್ಟೆಗೆ ಬಂದಳು. ಕುಶಲಾ ಹಿತ್ತಿಲಲ್ಲಿ ಕುಳಿತು ಸೋಡಾ ಕುಪ್ಪಿ ತೊಳೆಯುತ್ತಿದ್ದಳು.

"ಹೇಮಾಕ್ಷಿಗೆ ಗಂಡು ಬೇಕಿತ್ತಾ ನಿನಗೆ?" ಎಂದು ಅಕ್ಕು ನಿಂತುಕೊಂಡೇ ಕೇಳಿದಳು.

"ಇಲ್ಲ. ಅವಳಿಗೆ ಈಗಲೇ ಎಂತ ಅವಸರ?"

"ಮತ್ತೆ ಹಾಗೆ ಹೇಳಿದ್ದು?"

ಕುಶಲಾ ಇನ್ನೊಂದು ಕುಪ್ಪಿ ತೊಳೆದು ಮಗುಚಿ ಇಟ್ಟಳು. "ನನಗೆ ಬೇಕು ಅಂದರೆ ನೀನು ಬಿಡುವುದಿಲ್ಲ ಅಂತ ಗೊತ್ತಿತ್ತು ಅಕ್ಕ."

ಅದರಲ್ಲಿ ಕೊಂಕಿದ್ದರೆ ಅಕ್ಕು ಜಗಳ ಮಾಡಿ ಹಗುರಾಗುತ್ತಿದ್ದಳು. ಕೊಂಕಿರಲಿಲ್ಲ. ಇಪ್ಪತ್ತು ವರ್ಷ ಯಾರಿಗೂ ತಿಳಿಯದಂತೆ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಇವಳು ಕುಪ್ಪಿ ತೊಳೆಯುತ್ತ ಹೇಳಿಬಿಟ್ಟಳು.

"ಯಾವಾಗಿನಿಂದ ಗೊತ್ತು ನಿನಗೆ?"

"ನಾನು ಈ ಮನೆಗೆ ಬಂದ ವರ್ಷದಿಂದ."

ಅಕ್ಕು ಹಿತ್ತಿಲ ಮೆಟ್ಟಿಲಿನ ಮೇಲೆ ಕುಳಿತಳು. "ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಗಂಜಿನೀರು ಕೊಟ್ಟದ್ದಾ? ಒಮ್ಮೆಯಾದರೂ ಮುಖಕ್ಕೆ ಹೇಳಬಹುದಿತ್ತಲ್ಲ."

"ಹೇಳಿದರೆ ನೀನು ಬರುವುದು ನಿಲ್ಲಿಸ್ತಿದ್ದಿ," ಎಂದಳು ಕುಶಲಾ. "ನನಗೆ ಇಲ್ಲಿ ಬೇರೆ ಯಾರು ಉಂಟು?"

ಒಳ್ಳೆಯತನದಲ್ಲಿಯೂ ಇವಳೇ ಮುಂದೆ ಎಂದು ಅಕ್ಕುವಿಗೆ ಹೊಟ್ಟೆಕಿಚ್ಚಾಯಿತು. ಆದರೂ ಅವಳು ಆ ದಿನ ಮಧ್ಯಾಹ್ನದವರೆಗೆ ಎದ್ದು ಹೋಗಲಿಲ್ಲ.