ಲುಯಿಜಾ ಟೀಚರ್ ಹೇಳಿದ ಪೂರ್ತಿ ಪಾಠ

ಲುಯಿಜಾಳ ಹಠ ನನಗೆ ಹೊಸದಲ್ಲ. ಜಿದ್ದಾದ ಅಜೀಜಿಯಾದಲ್ಲಿ ನಮ್ಮಿಬ್ಬರದು ಒಂದೇ ಕಟ್ಟಡ, ಒಂದೇ ಇಂಡಿಯನ್ ಶಾಲೆ. ಅವಳು ಚರಿತ್ರೆ ಕಲಿಸುತ್ತಿದ್ದಳು, ನಾನು ಗಣಿತ. ಅವಳು ನಮ್ಮ ಕರಾವಳಿಯ ಶಿರ್ವದ ಕ್ಯಾಥೊಲಿಕ್ ಹೆಂಗಸು. ಈ ದೇಶದಲ್ಲಿ ಚರ್ಚಿಗೆ ಅನುಮತಿಯಿಲ್ಲ, ಹಾಗಾಗಿ ಶುಕ್ರವಾರ ಅವಳ ಮನೆಯಲ್ಲಿ ಪರದೆ ಎಳೆದು ನಾಲ್ಕು ಮನೆಯವರು ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಯಾರಾದರೂ ಕೇಳಿದರೆ ಮಗ ಡೆಲ್ವಿನನ ಬರ್ತ್‌ಡೇ! ಗಂಡ ಪ್ಯಾಟ್ರಿಕ್ ವಾರ ವಾರ ಕೇಕ್ ತರುತ್ತಿದ್ದ. ನಮ್ಮ ಬ್ಯಾರಿ ಮುಸ್ಲಿಮರ ಮನೆಗೂ ಒಂದು ತುಂಡು ಬರುತ್ತಿತ್ತು. ಹುಡುಗನಿಗೆ ವರ್ಷಕ್ಕೆ ಐವತ್ತು ಬರ್ತ್‌ಡೇ ಆದರೂ ನಾವ್ಯಾರೂ ತುಟಿ ಬಿಚ್ಚಲಿಲ್ಲ.

೨೦೧೪ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಅಮೆರಿಕ ಹುಟ್ಟಿದ ಪಾಠ ಮಾಡಬೇಕಿತ್ತು. ಮುಖ್ಯೋಪಾಧ್ಯಾಯಿನಿ ಸಾಲೆಹಾ, ಭಟ್ಕಳದವರು, ಲುಯಿಜಾಳ ಪಾಠದ ಟಿಪ್ಪಣಿ ಓದಿ ಗಾಬರಿಯಾದರು.

"ಪ್ರೊಟೆಸ್ಟೆಂಟ್, ಪ್ರಾರ್ಥನೆ ಎಲ್ಲ ಯಾಕೆ ಟೀಚರ್? ವ್ಯಾಪಾರಕ್ಕೆ ಬಂದರು ಅಂತ ಹೇಳಿ ಮುಗಿಸಿ. ಯಾರಾದರೂ ದೂರು ಕೊಟ್ಟರೆ ನಿಮ್ಮ ಕೆಲಸ ಹೋಗ್ತದೆ."

"ಹೋಗಲಿ ಮೇಡಂ. ಅರ್ಧ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ನೀವೇ ಬಂದು ಕೂತು ಕೇಳಿ."

"ನಿಂಗೆಂತ ಹುಚ್ಚಾ ಮಾರಾಯ್ತಿ? ಪ್ರೊಟೆಸ್ಟೆಂಟರು ನಿಮ್ಮವರೂ ಅಲ್ಲ," ಎಂದು ಸ್ಟಾಫ್ ರೂಮಿನಲ್ಲಿ ನಾನು ಬೈದೆ.

"ಅಲ್ಲ. ಅದಕ್ಕೇ ಸರಿಯಾಗಿ ಹೇಳ್ಬೇಕು."

ಮರುದಿನ ಹಿಂದಿನ ಬೆಂಚಿನಲ್ಲಿ ಸಾಲೆಹಾ ಕೂತರು. ಕುತೂಹಲ ತಡೆಯಲಾಗದೆ ಪಕ್ಕದಲ್ಲಿ ನಾನೂ. ಲುಯಿಜಾ ಶುರು ಮಾಡಿದಳು. ಇಂಗ್ಲೆಂಡಿನಲ್ಲಿ ತಮ್ಮ ರೀತಿಯಲ್ಲಿ ಪ್ರಾರ್ಥಿಸಲು ಬಿಡದಾಗ ಬಾಗಿಲು ಮುಚ್ಚಿ ಮನೆಗಳಲ್ಲಿ ಸೇರಿದ ಪ್ರೊಟೆಸ್ಟೆಂಟರು. ಕೊನೆಗೆ ಅಮೆರಿಕಕ್ಕೆ ಹಡಗು ಹತ್ತಿದವರು. ಅವರೂ ಅವರ ಹಿಂದೆ ಬಂದವರೂ ಪ್ರಾರ್ಥನಾ ಮಂದಿರದ ಸುತ್ತ ಊರು ಕಟ್ಟಿದರು. ಬೈಬಲ್ ಓದಬೇಕೆಂದು ಮಕ್ಕಳಿಗೆಲ್ಲ ಅಕ್ಷರ ಕಲಿಸಿದರು. ದೇವರು ಆರಿಸಿದ ಜನ ತಾವು ಎಂದು ನಂಬಿದರು; ಆ ದೇಶದ ಮಾತಿನಲ್ಲಿ ಆ ಗತ್ತು ಇವತ್ತಿಗೂ ಉಂಟು. ಆದರೆ ಅದೇ ಜನ ಬೇರೆ ರೀತಿ ಪ್ರಾರ್ಥಿಸಿದ ಹೆಂಗಸೊಬ್ಬಳನ್ನು ಗಲ್ಲಿಗೇರಿಸಿದರು, ಕ್ಯಾಥೊಲಿಕ್ ಪಾದ್ರಿಗಳು ಕಾಲಿಡದಂತೆ ಕಾನೂನು ಮಾಡಿದರು.

ಶಹಾನಾ ಎಂಬ ಹುಡುಗಿ ಎದ್ದು ನಿಂತಳು. "ತಮಗೆ ಪ್ರಾರ್ಥನೆಗೆ ಜಾಗ ಬೇಕೂಂತ ಹೋದವರು ಬೇರೆಯವರಿಗೆ ಯಾಕೆ ಕೊಡ್ಲಿಲ್ಲ ಟೀಚರ್?"

ಲುಯಿಜಾ ಚಾಕ್ ಕೆಳಗಿಟ್ಟಳು. ಸಾಲೆಹಾ ನೆಲ ನೋಡುತ್ತಿದ್ದರು. ಶುಕ್ರವಾರದ ಆ ಪರದೆ ನೆನಪಾಗಿ ನನಗೆ ಅಳು ಬಂತು, ಸಿಟ್ಟೂ ಬಂತು.

"ಹೆದರಿಕೆ," ಎಂದಳು ಲುಯಿಜಾ. "ಇನ್ನೊಬ್ಬರ ಪ್ರಾರ್ಥನೆಯಿಂದ ತಮ್ಮದು ಹೋಗ್ತದೆ ಅಂತ ಹೆದರಿಕೆ. ಎಲ್ಲರಿಗೂ ಜಾಗ ಉಂಟು ಅಂತ ಆ ದೇಶ ಕಾನೂನು ಬರೀಲಿಕ್ಕೆ ನೂರೈವತ್ತು ವರ್ಷದ ಮೇಲೆ ಬೇಕಾಯ್ತು."

ಬೆಲ್ ಹೊಡೆಯಿತು. ಸಾಲೆಹಾ ಎದ್ದರು. ಇವಳ ಕೆಲಸ ಹೋಯಿತೆಂದೇ ನಾನು ಅಂದುಕೊಂಡೆ.

"ನಾಳೆ ನನ್ನ ಪೀರಿಯಡ್ ನೀವೇ ತಗೊಳ್ಳಿ ಟೀಚರ್," ಎಂದರು ಅವರು. "ಆ ಕಾನೂನು ಹೇಗೆ ಬಂತು ಅಂತ ನನಗೂ ಕೇಳ್ಬೇಕು."