ತೀರ್ಥ ಬಿದ್ದ ಕಾಗದದ ಬ್ಯಾಟರಿ

ವೀರಭದ್ರನನ್ನು ನಂಬಿದ ಅಕ್ಕತಂಗಿಯರೇ, ಹೋದ ಬೇಸಿಗೆಯ ಒಂದು ಸೋಮವಾರ ತಿಕೋಟಾದ ನಮ್ಮ ಮನೆಯಲ್ಲಿ ಮಗಳ ವರ್ಷವೇ ಮುಳುಗುವ ಹೊತ್ತು ಬಂದಿತ್ತು.

ಮಗಳು ಸುಜಾತಾ, ತೊರವಿಯ ಹತ್ತಿರದ ಕಾಲೇಜಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಕಾಗದದ ಬ್ಯಾಟರಿ ಮಾಡಿದ್ದಳು. ಅಂಚೆಚೀಟಿಯಷ್ಟು ತುಂಡು, ಉಪ್ಪು ಹೀರಿದ ಕಾಗದ, ಎರಡೂ ಬದಿಗೆ ಬೇರೆ ಬೇರೆ ಮಸಿ. ನೀರು ಬಿದ್ದರೆ ಕರೆಂಟು ಹುಟ್ಟುತ್ತದೆ, ಒಮ್ಮೆ ಬಳಸಿ ಎಸೆದರೆ ಮಣ್ಣಾಗುತ್ತದೆ. ಅವತ್ತು ಮಧ್ಯಾಹ್ನ ಪರೀಕ್ಷಕರ ಮುಂದೆ ಆ ತುಂಡುಗಳು ಕೆಲಸ ಮಾಡಬೇಕಿತ್ತು.

ನಮ್ಮಲ್ಲಿ ಹೊಸದೇನನ್ನೂ ದೇವರ ಜಗಲಿಯ ಮುಂದಿಟ್ಟು ತೀರ್ಥ ಚಿಮುಕಿಸದೆ ಹೊರಗೆ ಒಯ್ಯುವುದಿಲ್ಲ. ಸುಜಾತಾ ಸ್ನಾನಕ್ಕೆ ಹೋದಾಗ ನಮ್ಮ ಅತ್ತೆ ಡಬ್ಬಿ ತೆಗೆದು, ತುಂಡುಗಳನ್ನೆಲ್ಲ ತಟ್ಟೆಯಲ್ಲಿ ಹರವಿ, ಭಕ್ತಿಯಿಂದ ಕೈತುಂಬ ತೀರ್ಥ ಹಾಕಿದರು.

“ಆಯಿ, ಏನ್ ಮಾಡಿದಿ ಬೇ? ನೀರ ಬಿದ್ದರ ಇವು ಚಾಲೂ ಆಗ್ತಾವ. ಎಲ್ಲಾ ಮುಗದು ಹೋದುವು,” ಎಂದು ಸ್ನಾನ ಮುಗಿಸಿ ಬಂದ ಸುಜಾತಾ ಅಜ್ಜಿಗೆ ಕೂಗಿದಳು.

“ದೇವರ ನೀರವ್ವಾ ಅದು,” ಎಂದರು ಅತ್ತೆ.

“ಸುಮ್ಮ ಕುಂಡ್ರಾಕ ಬರೂದಿಲ್ಲೇನ್ರಿ ನಿಮಗ?” ಎಂದುಬಿಟ್ಟೆ ನಾನು.

ಹೊಸ ತುಂಡು ಮಾಡಲು ವೇಳೆ ಇರಲಿಲ್ಲ. ಅಳುವ ಮಗಳೊಂದಿಗೆ ನಾನೂ ಬಸ್ಸು ಹತ್ತಿದೆ. ಕಿಟಕಿಯ ಬಿಸಿಗಾಳಿಗೆ ಆ ತುಂಡುಗಳು ಅವಳ ತೊಡೆಯ ಮೇಲೆಯೇ ಒಣಗಿದವು. ದಾರಿಯುದ್ದಕ್ಕೂ “ನನ್ನ ಮಗಳನ್ನ ಪಾರ ಮಾಡೋ ಯಪ್ಪಾ” ಎಂದು ಬೇಡಿದೆ.

ಪರೀಕ್ಷೆಗೆ ಬಂದ ಮೇಡಂ ನಡೆದದ್ದನ್ನೆಲ್ಲ ಕೇಳಿ ನಗಲಿಲ್ಲ. “ಒಣಗಿದ್ದಕ್ಕ ಮತ್ತ ನೀರ ಹಾಕಿ ನೋಡಿಯೇನು?” ಎಂದರು.

“ಇಲ್ರಿ ಮೇಡಂ. ಒಮ್ಮೆ ಬಳಸಿದ್ದನ್ನ ಒಗದು ಬಿಡ್ತಿದ್ದೆ.”

ಸುಜಾತಾ ಒಂದೊಂದಕ್ಕೂ ನೀರಿನ ಹನಿ ಬಿಟ್ಟಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ತುಂಡುಗಳಿಗೆ ಜೋಡಿಸಿದ್ದ ಪುಟ್ಟ ಗಡಿಯಾರದಲ್ಲಿ ಅಂಕಿಗಳು ಮಸುಕಾಗಿ ಮೂಡಿ, ಆರದೆ ಉಳಿದವು. ನಾನು ಬಾಗಿಲಲ್ಲೇ ಕೈಮುಗಿದೆ. ಮೇಡಂ ಮೆಚ್ಚಿ, ಇದನ್ನೂ ವರದಿಯಲ್ಲಿ ಸೇರಿಸು ಎಂದರು. ಮಗಳು ಪಾಸಾದಳು.

ಮನೆಗೆ ಬಂದರೆ ಅತ್ತೆ ಬೆಳಗಿನಿಂದ ತುತ್ತು ಮುಟ್ಟಿರಲಿಲ್ಲ. ಸುದ್ದಿ ಕೇಳಿ ಮೊಮ್ಮಗಳ ಕೆನ್ನೆ ಸವರಿದರು. ಮರುದಿನ ಪೂಜೆಗೆ ಕರೆದರೆ ತೀರ್ಥದ ತಂಬಿಗೆ ನನ್ನ ಕೈಗೇ ಕೊಟ್ಟರು. “ನೀನ ಹಾಕವ್ವಾ. ಯಾವುದಕ್ಕ ನೀರ ಹಾಕಬೇಕು, ಯಾವುದಕ್ಕ ಹಾಕಬಾರದು, ನನಗ ತಿಳಿಯಂಗಿಲ್ಲ ಈಗ.” ತಪ್ಪಾಯಿತೆಂದು ಕಾಲು ಹಿಡಿದೆ. ಸಿಟ್ಟಿಲ್ಲವೆಂದರು. ಆದರೆ ಇಂದಿಗೂ ಅವರು ಪೂಜೆಗೆಂದು ಜಗಲಿಯ ಹತ್ತಿರ ಬಂದಿಲ್ಲ.

ವೀರಭದ್ರ ಕೇಳಿದ್ದನ್ನು ಕೊಡುತ್ತಾನೆ, ಕಣ್ಣಾರೆ ಕಂಡಿದ್ದೇನೆ. ಅವತ್ತು ಬಸ್ಸಿನಲ್ಲಿ ಮಗಳೊಬ್ಬಳಿಗಾಗಿ ಬೇಡಿದೆ, ಮನೆಯಲ್ಲಿ ಉಪವಾಸ ಕುಳಿತವರ ನೆನಪೇ ಬರಲಿಲ್ಲ. ಈಗ ದಿನಾ ಅವರಿಗಾಗಿ ಬೇಡುತ್ತಿದ್ದೇನೆ. ನೀವೂ ಬೇಡಿರಿ.